ಇಳಿಯದ ಗೆರೆ

ವಾಡಿ ಜಂಕ್ಷನ್ನಿನಲ್ಲಿ ಬೆಳಗಿನ ಪ್ಯಾಸೆಂಜರ್ ಹಿಡಿದು ಕಲಬುರಗಿಗೆ ಹೋಗಿ ಸಂಜೆ ಮರಳುವ ಹೆಂಗಸರಲ್ಲಿ ನಾಹಿದ ಒಬ್ಬಳು. ಡಬ್ಬಿಯಲ್ಲಿ ಅವಳ ಜೊತೆ ಕೂಡುವವರು ಶಾಲೆಯ ಟೀಚರುಗಳು, ನರ್ಸುಗಳು, ಬಟ್ಟೆ ಅಂಗಡಿಯ ಹುಡುಗಿಯರು. ಏನು ಕೆಲಸ ಮಾಡ್ತಿ ಎಂದು ಯಾರಾದರೂ ಕೇಳಿದರೆ ‘ಲ್ಯಾಬಿನ್ಯಾಗ’ ಎಂದಷ್ಟೇ ಹೇಳಿ ಕಿಟಕಿಯತ್ತ ತಿರುಗುತ್ತಿದ್ದಳು. ಹೆಚ್ಚು ಹೇಳಿದರೆ ಅವರು ತಮ್ಮ ಸಕ್ಕರೆ ಕಾಯಿಲೆಯ ರಿಪೋರ್ಟು ತೆಗೆದು ಇದನ್ನು ನೋಡು ಎನ್ನುತ್ತಿದ್ದರು. ಅವಳ ಲ್ಯಾಬು ಅಂಥದ್ದಲ್ಲ.

ಹುಟ್ಟಿದ್ದು ಶಹಾಬಾದಿನಲ್ಲಿ. ತಂದೆ ಬಾಬುಮಿಯಾ ನೆಲಕ್ಕೆ ಹಾಸುವ ಫರಸಿ ಕಲ್ಲಿಗೆ ಪಾಲಿಶ್ ಹಿಡಿಯುವ ಕೆಲಸದವರು. ದಿನವೆಲ್ಲ ಕಲ್ಲಿನ ಕೆಸರಿನಲ್ಲಿ ನಿಂತು ಅವರ ಕಾಲ್ಬೆರಳುಗಳು ಬೆಳ್ಳಗಾಗಿ ಹೋಗಿದ್ದವು. ಮಗಳು ಓದುತ್ತೇನೆ ಅಂದಾಗ ‘ಓದು’ ಎಂದರು. ಏನು ಓದುತ್ತಾಳೆಂದು ಕೇಳಲಿಲ್ಲ. ಅವಳು ಬಯೋಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮುಗಿಸಿ ಕಲಬುರಗಿಯ ಒಂದು ಸಂಶೋಧನಾ ಕೇಂದ್ರದಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್ ಆದಳು. ಆಮೇಲೆ ವಾಡಿಯ ಕಲೀಮನ ಜೊತೆ ನಿಕಾಹ್ ಆಯಿತು. ಸ್ಟೇಷನ್ ರಸ್ತೆಯಲ್ಲಿ ಅವನದು ವೆಲ್ಡಿಂಗ್ ಅಂಗಡಿ. ಮನೆಯಲ್ಲಿ ಅವನು, ಅವನ ತಾಯಿ ರಶೀದಾಬೇಗಂ, ಇವಳು. ಅತ್ತೆ ಸೇಡಂ ಕಡೆಯ ಆಡಕಿಯವರು. ಓಣಿಯ ಲಿಂಗಾಯತರ ಹೆಂಗಸರ ನಡುವೆ ಬೆಳೆದವರಾದ್ದರಿಂದ ಅವರಿಗೆ ಸಿಟ್ಟು ಬಂದರೂ ಕನ್ನಡ, ಪ್ರೀತಿ ಬಂದರೂ ಕನ್ನಡ. ನಡುವೆ ಮಾತ್ರ ಉರ್ದು.

ಲ್ಯಾಬಿನಲ್ಲಿ ನಾಹಿದಳ ಪಾಲಿಗಿದ್ದದ್ದು ಒಂದು ಯಂತ್ರ. ಅದರೊಳಗೆ ಉಗುರಿನಷ್ಟಗಲದ ಗಾಜಿನ ಚಿಪ್, ಅದರ ಮೇಲೆ ಅತಿ ತೆಳುವಾದ ಚಿನ್ನದ ಲೇಪ. ಚಿನ್ನಕ್ಕೆ ಒಂದು ಪ್ರೋಟೀನನ್ನು ಅಂಟಿಸಿ, ಅದರ ಮೇಲಿಂದ ಇನ್ನೊಂದು ಪ್ರೋಟೀನು ಬೆರೆತ ದ್ರವವನ್ನು ಹರಿಸಬೇಕು. ಎರಡೂ ಒಂದನ್ನೊಂದು ಹಿಡಿದರೆ, ಚಿನ್ನದ ಹಿಂಬದಿಗೆ ಬಡಿದು ಮರಳುವ ಬೆಳಕಿನ ಕೋನ ಕೂದಲೆಳೆಯಷ್ಟು ಬದಲಾಗುತ್ತದೆ. ಪರದೆಯ ಮೇಲೆ ಒಂದು ಗೆರೆ ಏರುತ್ತದೆ. ಆಮೇಲೆ ಬರೀ ಉಪ್ಪುನೀರಿನಂಥ ದ್ರಾವಣ ಬಿಡುತ್ತಾರೆ. ಹಿಡಿತ ಸಡಿಲವಿದ್ದರೆ ಗೆರೆ ಇಳಿಯುತ್ತದೆ, ಗಟ್ಟಿಯಿದ್ದರೆ ನಿಂತೇ ಇರುತ್ತದೆ. ಬೇರೆ ವಿಧಾನಗಳಲ್ಲಿ ಪ್ರೋಟೀನಿಗೆ ಬಣ್ಣವನ್ನೋ ಹೊಳೆಯುವ ಗುರುತನ್ನೋ ಕಟ್ಟಿ ಅದನ್ನು ಹುಡುಕಬೇಕಾಗುತ್ತದೆ. ಇದಕ್ಕೆ ಅದ್ಯಾವುದೂ ಬೇಡ. ಯಾವುದು ಯಾವುದನ್ನು ಹಿಡಿಯಿತು, ಎಷ್ಟು ಬೇಗ ಹಿಡಿಯಿತು, ಎಷ್ಟು ಹೊತ್ತಿಗೆ ಬಿಟ್ಟಿತು ಎಂಬುದು ಕಣ್ಣೆದುರೇ ನಡೆಯುತ್ತದೆ. ಮೊದಲೆರಡು ವರ್ಷ ಅವಳು ತೊಗರಿಯ ಕಾಯಿಕೊರಕ ಹುಳದ ಪ್ರೋಟೀನುಗಳ ಮೇಲೆ ಈ ಯಂತ್ರ ನಡೆಸಿದ್ದಳು. ಯಾರ ಗೊಡವೆಯೂ ಇಲ್ಲದ ಕೆಲಸ, ಸುಖವಾಗಿತ್ತು.

ಅದೇ ಹೊತ್ತಿಗೆ ಮನೆಯಲ್ಲಿ ಸುಖ ಇರಲಿಲ್ಲ. ಮೊದಲ ಬಸಿರು ಮೂರನೇ ತಿಂಗಳಿಗೆ ಹೋಯಿತು. ಎರಡನೆಯದು ಐದು ತುಂಬಿದ ಮೇಲೆ ಹೋಯಿತು. ಅದು ಹೊಟ್ಟೆಯಲ್ಲಿ ಮಿಸುಕಾಡಿತ್ತು. ಮಿಸುಕುವುದು ಯಾವಾಗ ನಿಂತಿತೆಂಬುದು ಅವಳಿಗೆ ತಿಳಿಯಲಿಲ್ಲ. ಅವತ್ತು ರೈಲಿನಲ್ಲಿ ಯಾರದೋ ಮಾತಿಗೆ ನಗುತ್ತಿದ್ದೆನೇ, ಲ್ಯಾಬಿನಲ್ಲಿ ಹನಿ ಅಳೆಯುವ ಪಿಪೆಟ್ ಹಿಡಿದು ಕೂತಿದ್ದೆನೇ ಎಂದು ಎಷ್ಟೋ ದಿನ ಲೆಕ್ಕ ಹಾಕಿದಳು. ಕಲೀಮ್ ಬಿಳಿ ಬಟ್ಟೆಯ ಸಣ್ಣ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ಕಬ್ರಸ್ತಾನಕ್ಕೆ ನಡೆದುಕೊಂಡೇ ಹೋದ. ಬಂದವನು ಕೈ ತೊಳೆಯದೆ ಬಾಗಿಲ ಬಳಿ ಬಹಳ ಹೊತ್ತು ಕೂತಿದ್ದ. ನೋಡಿದ ಡಾಕ್ಟರು, ಹೀಗೆ ಆಗುವುದುಂಟು, ಮತ್ತೆ ನಿಲ್ಲುತ್ತದೆ ಎಂದರು. ಓಣಿಯವರು ನಜರ್, ಕೆಟ್ಟ ಕಣ್ಣು ಎಂದರು, ರಶೀದಾಬೇಗಂ ರೈಲಿನ ಧಡಧಡ ಎಂದರು.

‘ದಿನಾ ಆ ಗಾಡ್ಯಾಗ ಕುಂತು ಕುಲುಕಿಸಿಕೋತ ಹೋದ್ರ ಹೊಟ್ಟ್ಯಾಗಿಂದು ನಿಲ್ತದೇನ? ನೌಕರಿ ಬಿಡು ಅಂದ್ರ ಬಿಡವಲ್ಲಿ.’

ನಾಹಿದ ನೌಕರಿ ಬಿಡಲಿಲ್ಲ. ಲ್ಯಾಬಿನಲ್ಲಿ ಯಾರಿಗೂ ಈ ಎರಡರ ಸುದ್ದಿ ಹೇಳಲೂ ಇಲ್ಲ. ಎರಡನೆಯದಕ್ಕೆ ಬಹಳ ದಿನ ರಜೆ ಹಾಕಿದಾಗ ಟೈಫಾಯಿಡ್ ಎಂದಿದ್ದಳು. ಸಡಿಲ ಬುರ್ಖಾ ಹಾಕುವವಳಾದ್ದರಿಂದ ಹೊಟ್ಟೆ ಯಾರಿಗೂ ಕಂಡಿರಲಿಲ್ಲ.

ಹೀಗಿರುವಾಗ ಲ್ಯಾಬಿಗೆ ಹೊಸ ಪ್ರಾಜೆಕ್ಟ್ ಬಂತು. ಮುಖ್ಯಸ್ಥರಾದ ಕಲ್ಯಾಣಪ್ಪ ಸರ್ ಎಲ್ಲರನ್ನೂ ಕೂಡಿಸಿ ವಿವರಿಸಿದರು. ಚಿತ್ತಾಪುರ, ಸೇಡಂ, ಚಿಂಚೋಳಿ ತಾಲೂಕುಗಳಲ್ಲಿ ಮೇಲಿಂದ ಮೇಲೆ ಗರ್ಭ ಹೋಗುವ ಹೆಂಗಸರ ರಕ್ತ ತಂದು ಪರೀಕ್ಷಿಸುವುದು. ಮೈಯನ್ನು ಕಾಯಬೇಕಾದ ಪ್ರತಿಕಾಯಗಳು ಕೆಲವರಲ್ಲಿ ದಾರಿ ತಪ್ಪಿ, ಸ್ವಂತ ರಕ್ತದ ಒಂದು ಪ್ರೋಟೀನನ್ನೇ ವೈರಿಯೆಂದು ಹಿಡಿಯುತ್ತವೆ. ಆಗ ರಕ್ತ ಹೆಪ್ಪುಗಟ್ಟುವುದು ಹೆಚ್ಚುತ್ತದೆ. ಬಸಿರಿಯಾದರೆ ಕೂಸನ್ನು ಪೋಷಿಸುವ ಮಾಸಿಗೆ ತೊಂದರೆಯಾಗಿ ಕೂಸಿಗೆ ಆಹಾರ ಮುಟ್ಟುವುದಿಲ್ಲ. ಆ ಪ್ರೋಟೀನನ್ನು ಚಿನ್ನದ ಮೇಲೆ ಕೂಡಿಸಿ, ಈ ಹೆಂಗಸರ ರಕ್ತದ ತಿಳಿ ಭಾಗವಾದ ಸೀರಮ್ ಹರಿಸಿ, ಯಾರ ಪ್ರತಿಕಾಯ ಎಷ್ಟು ಗಟ್ಟಿಯಾಗಿ ಹಿಡಿಯುತ್ತದೆಂದು ನೋಡಬೇಕು.

ಸರ್ ಹೇಳುವುದು ತನ್ನ ವಿಷಯವೇ ಎಂದು ನಾಹಿದಳ ಒಂದು ಮನಸ್ಸು. ಅಲ್ಲ, ನನ್ನದು ಬೇರೆ ಎಂದು ಇನ್ನೊಂದು. ಅವಳು ಎರಡನೆಯದನ್ನು ನಂಬಿದಳು.

ಹೋಲಿಸಿ ನೋಡಲು ಇಂಥ ತೊಂದರೆಯಿಲ್ಲದ ಹೆಂಗಸರ ರಕ್ತವೂ ಬೇಕಿತ್ತು. ‘ನಮ್ಮವರೇ ನಾಲ್ಕು ಮಂದಿ ಕೊಡ್ರಮ್ಮ. ಹಂಗೇನಾದ್ರೂ ಆದವ್ರು ಇದ್ರ ಬ್ಯಾಡ’ ಎಂದರು ಸರ್. ಆ ಮಾತನ್ನು ಹೆಣ್ಣುಮಕ್ಕಳೆದುರು ಆಡಲು ಸಂಕೋಚಪಟ್ಟು ಗೋಡೆಯತ್ತ ನೋಡುತ್ತಿದ್ದರು. ತಾನು ಕೊಡುವುದಿಲ್ಲ ಎಂದರೆ ಯಾಕೆಂದು ಎಲ್ಲರಿಗೂ ತಿಳಿಯುತ್ತದೆ. ನಾಹಿದ ತೋಳು ಮೇಲೇರಿಸಿ ಕೊಟ್ಟಳು. ಅವಳದು ನಾಲ್ಕನೆಯ ನಳಿಕೆ.

ಆ ರಕ್ತ ಫ್ರೀಜರಿನಲ್ಲಿದ್ದಾಗಲೇ ಅವಳಿಗೆ ಮತ್ತೆ ತಿಂಗಳು ತಪ್ಪಿತು. ಮೊದಲ ಸಲ ಇಂಥ ಸುದ್ದಿ ತಿಳಿದಾಗ ಕುಣಿದಿದ್ದಳು. ಈ ಸಲ ಬಚ್ಚಲ ಬಾಗಿಲು ಹಾಕಿಕೊಂಡು ನಿಂತೇ ಇದ್ದಳು. ಕಲೀಮನಿಗೆ ಹೇಳಿದಾಗ ಅವನೂ ನಗಲಿಲ್ಲ. ‘ಅಮ್ಮಿಗಿ ಈಗೇ ಹೇಳಬ್ಯಾಡ’ ಎಂದಷ್ಟೇ ಹೇಳಿದ.

ಪರೀಕ್ಷೆಯ ದಿನ ನಾಹಿದಳ ಪಕ್ಕದಲ್ಲಿ ಶ್ರುತಿ ಕೂತಿದ್ದಳು. ಸೇಡಮ್ಮಿನ ಹುಡುಗಿ, ಪಿಎಚ್.ಡಿ. ಮಾಡುತ್ತಿದ್ದವಳು, ನಾಹಿದಳನ್ನು ಆಪಾ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದಳು. ಮೊದಲ ಸೀರಮ್ ಹರಿಯಿತು. ಗೆರೆ ತುಸು ಏರಿ, ದ್ರಾವಣ ಬಿಟ್ಟ ಕೂಡಲೇ ಇಳಿದು ನೆಲಕ್ಕೆ ಹತ್ತಿತು. ಎರಡನೆಯದೂ ಹಾಗೆ, ಮೂರನೆಯದೂ ಹಾಗೆ. ನಾಲ್ಕನೆಯದರ ಗೆರೆ ಏರತೊಡಗಿತು. ಏರುತ್ತಲೇ ಹೋಯಿತು. ದ್ರಾವಣ ಬಿಟ್ಟಳು. ಗೆರೆ ಇಳಿಯಲಿಲ್ಲ. ಮೇಲೇ ಚಪ್ಪಟೆಯಾಗಿ ಹಾಸಿಕೊಂಡಿತು.

ಶ್ರುತಿ ಮುಂದೆ ಬಗ್ಗಿದಳು. ‘ಆಪಾ, ಇದೇನಿದು? ಚಿಪ್ ಕೆಟ್ಟದೇನ?’

‘ಹೂಂ, ಕೆಟ್ಟಿರಬೇಕು’ ಎಂದಳು ನಾಹಿದ. ಆಮ್ಲದಿಂದ ಚಿಪ್ ತೊಳೆದು ಮತ್ತೆ ಹರಿಸಿದಳು. ಅದೇ ಏರು, ಅದೇ ಇಳಿಯದ ಗೆರೆ. ಪ್ರೋಟೀನು ಅಂಟಿಸದೆ ಖಾಲಿ ಬಿಟ್ಟ, ಅದೇ ಚಿಪ್‌ನ ಪಕ್ಕದ ಕಾಲುವೆಯಲ್ಲಿ ಏನೂ ಏರಿರಲಿಲ್ಲ. ಚಿಪ್ ಕೆಟ್ಟಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಅದು ಶ್ರುತಿಗೂ ಕಾಣಿಸಿತು.

‘ಚಿಪ್ ಛಲೋ ಅದ. ಈ ನಾಲ್ಕನೇದು ಯಾರದು ಆಪಾ? ನಂದಂತೂ ಎರಡನೇದು. ಯಾರದಾದ್ರೂ ಇರಲಿ, ಅವ್ರಿಗಿ ಹೇಳಬೇಕಾಗ್ತದ. ನಾಳಿ ಬಸರಾದ್ರ ಭಾಳ ಕಷ್ಟ ಅದ.’

‘ಸರ್ ಊರಿಂದ ಬಂದ ಮ್ಯಾಲ ಹೆಸರಿನ ಪಟ್ಟಿ ನೋಡೋಣು’ ಎಂದು ನಾಹಿದ ಯಂತ್ರ ನಿಲ್ಲಿಸಿದಳು. ತಲೆನೋವೆಂದು ಹೇಳಿ ಹೊರಬಿದ್ದಳು. ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಗಾಡಿ ಬರುವತನಕ ಸ್ಟೇಷನ್ನಿನ ಬೆಂಚಿನ ಮೇಲೆ ಕೂತಳು.

ಆಮೇಲಿನ ದಿನಗಳನ್ನು ಅವಳು ಹೇಗೆ ಕಳೆದಳೋ. ಹುಳದ ಪ್ರೋಟೀನು ಬಿಗಿಯಾಗಿ ಹಿಡಿದಾಗ ಖುಷಿಪಟ್ಟ ಅದೇ ಕಣ್ಣು, ಈಗ ಮುಚ್ಚಿದರೂ ಗೆರೆಯನ್ನೇ ಕಾಣುತ್ತಿತ್ತು. ರೊಟ್ಟಿ ತಟ್ಟುತ್ತ ನಿಂತರೆ, ತನ್ನ ಮೈಯಲ್ಲಿ ಈ ಕ್ಷಣ ಏನು ಏನನ್ನು ಹಿಡಿಯುತ್ತಿದೆಯೋ ಎಂದು ಕೈ ನಿಲ್ಲುತ್ತಿತ್ತು. ನಜರ್ ಎಂದರೆ ಹೊರಗಿನದು, ರೈಲು ಎಂದರೆ ಇಳಿಯಬಹುದು. ರಕ್ತದಿಂದ ಎಲ್ಲಿ ಇಳಿಯುವುದು? ಮಕ್ಕಳನ್ನು ಕೊಂದದ್ದು ಇವಳ ರಕ್ತವೇ ಎಂದು ಮನೆಯಲ್ಲಿ ಒಂದು ಮಾತು ಹುಟ್ಟಿದರೆ ಆಮೇಲೆ ತಾನು ಆ ಮನೆಯಲ್ಲಿ ಇರುವುದಾದರೂ ಹೇಗೆ? ಸುಳ್ಳು ಹೇಳಿ ರಕ್ತ ಕೊಟ್ಟದ್ದು ಸರ್‌ಗೆ ಗೊತ್ತಾದರೆ ನೌಕರಿ ಹೋದೀತು. ಹೇಳದಿದ್ದರೆ ಕೂಸು ಹೋದೀತು. ಹೇಳಬೇಕೆಂದು ಗೊತ್ತಿತ್ತು, ಬಾಯಿ ಬರಲಿಲ್ಲ. ಹೆದರಿದವರ ಬುದ್ಧಿಯೇ ಹಾಗೆ. ಬೆಂಕಿ ಹತ್ತಿದ ಮನೆಯಲ್ಲಿ ನಿಂತು ಬಾಗಿಲು ಯಾವ ಕಡೆ ತೆರೆಯುತ್ತದೆಂದು ಯೋಚಿಸುತ್ತಿರುತ್ತದೆ.

ರಶೀದಾಬೇಗಂ ಇಷ್ಟರಲ್ಲಿ ತಾವೇ ಕಂಡುಹಿಡಿದಿದ್ದರು. ಸೊಸೆ ಒಗ್ಗರಣೆ ವಾಸನೆಗೆ ಮೂಗು ಮುಚ್ಚಿದ್ದು ನೋಡಿ, ಏನೂ ಕೇಳದೆ, ಹಲಕಟ್ಟಾದ ದರ್ಗಾಕ್ಕೆ ಹೋಗಿ ದಾರ ತಂದು ಅವಳ ಮುಂಗೈಗೆ ಕಟ್ಟಿದರು. ‘ಈ ಸರ್ತಿ ಏನೂ ಆಗಂಗಿಲ್ಲ’ ಎಂದರು. ಒಂದು ಗಂಟು ಸಾಲದೆಂದು ಮೇಲೆ ಇನ್ನೆರಡು ಗಂಟು ಹಾಕಿದರು. ಅದನ್ನು ನೋಡಿ ನಾಹಿದಳಿಗೆ ಇನ್ನಷ್ಟು ದಿಗಿಲಾಯಿತು.

ಬೆಳಗಿನ ಗಾಡಿ ಒಂದು ದಿನ ಶಹಾಬಾದಿನಲ್ಲಿ ಗೂಡ್ಸಿಗೆ ದಾರಿ ಬಿಟ್ಟು ನಿಂತಿತ್ತು. ಸೊಂಟ ಸೆಳೆದಂತಾಗಿ ನಾಹಿದ ಎದ್ದು ಡಬ್ಬಿಯ ಪಾಯಿಖಾನೆಗೆ ಹೋದಳು. ಬಟ್ಟೆಯ ಮೇಲೆ ಕೆಂಪು ಕಂಡಿತು. ದೊಡ್ಡದಲ್ಲ, ಕುಂಕುಮದ ಬೊಟ್ಟಿನಷ್ಟು. ಅವಳು ಕಬ್ಬಿಣದ ಹಿಡಿಕೆ ಹಿಡಿದು ಹಾಗೇ ನಿಂತಳು. ಹೊರಗೆ ಯಾರೋ ಬಾಗಿಲು ಬಡಿಯುತ್ತಿದ್ದರು. ತವರಿನ ಸ್ಟೇಷನ್ನು, ಇಳಿದರೆ ಕೂಗಳತೆಯಲ್ಲಿ ಅಪ್ಪನ ಮನೆ. ಹೋಗಿ ಅಮ್ಮನ ಮಡಿಲಲ್ಲಿ ತಲೆಯಿಟ್ಟು ಮಲಗಿಬಿಡಬೇಕೆನಿಸಿತು. ಹೋದ ಸಲವೂ ವಾಡಿಯ ಮನೆಯಲ್ಲಿ ಹೀಗೇ ಮಲಗಿಬಿಟ್ಟಿದ್ದಳು, ಮಲಗಿದ್ದಾಗಲೇ ಎಲ್ಲ ಮುಗಿದಿತ್ತು. ಅವಳು ಫೋನು ತೆಗೆದಳು.

‘ಶ್ರುತಿ, ನಾಲ್ಕನೇದು ನಂದು.’

‘ಏನಂದಿ ಆಪಾ? ಕೇಳವಲ್ದು.’

‘ನಾಲ್ಕನೇ ನಳಿಗಿ ನಂದು. ನನಗ ಎರಡು ಹೋಗ್ಯಾವ. ಈಗ ಮತ್ತ ಬಸರಿದ್ದೀನಿ. ರಕ್ತ ಕಾಣಲಿಕತ್ತಾದ.’

ಶ್ರುತಿಯ ದನಿ ಗಟ್ಟಿಯಾಗಿ ಬಂತು: ‘ಎಲ್ಲಿದ್ದಿ? ಗಾಡ್ಯಾಗೇ ಇರು. ಇಳೀಬ್ಯಾಡ. ಸೀಟ್ ಕೇಳಿ ಮಲಕೋ. ನಾ ಕಲಬುರಗಿ ಸ್ಟೇಷನ್ದಾಗ ಆಟೋ ತಗೊಂಡು ನಿಂತಿರ್ತೀನಿ.’

ಟೀಚರುಗಳು ಎದ್ದು ಜಾಗ ಕೊಟ್ಟರು. ಒಬ್ಬಾಕೆ ತನ್ನ ಚೀಲವನ್ನು ಅವಳ ತಲೆಯಡಿ ಇಟ್ಟು ಏನೂ ಕೇಳದೆ ಕೈ ಹಿಡಿದುಕೊಂಡು ಕೂತಳು. ಗಾಡಿ ಹೊರಟಾಗ ಒಂದೊಂದು ಕುಲುಕಿಗೂ ನಾಹಿದ ಹಲ್ಲು ಕಚ್ಚಿದಳು; ಅತ್ತೆಯ ಮಾತೇ ನಿಜವಾಗಿಬಿಟ್ಟರೆ ಎಂದು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಸ್ಕ್ಯಾನಿನ ಪರದೆಯನ್ನು ತಮ್ಮ ಕಡೆ ತಿರುಗಿಸಿಕೊಂಡರು. ಕಡೆಗೆ ಪರದೆಯನ್ನು ಅವಳತ್ತ ತಿರುಗಿಸಿದರು.

‘ನೋಡವಾ, ಬಡೀಲಿಕತ್ತಾದ.’

ಕತ್ತಲಿನಂಥ ಜಾಗದಲ್ಲಿ ಅಕ್ಕಿಕಾಳಿನಷ್ಟು ಬೆಳಕು ಮಿಣುಕುತ್ತಿತ್ತು. ನಾಹಿದಳಿಗೆ ಅಳು ಬರಲಿಲ್ಲ. ಎಲ್ಲಿ ನಿಂತೀತೋ ಎಂದು ಕಣ್ಣು ಮಿಟುಕಿಸದೆ ನೋಡಿದಳು.

ಮಧ್ಯಾಹ್ನದ ಹೊತ್ತಿಗೆ ಕಲ್ಯಾಣಪ್ಪ ಸರ್ ಬಂದರು, ಗ್ರಾಫಿನ ಪ್ರಿಂಟು ಹಿಡಿದುಕೊಂಡು. ನಾಹಿದ ಮಂಚದಿಂದ ಏಳಹೋದಳು. ‘ಮಲಗಮ್ಮ, ಮಲಗು. ನೀ ಹೇಳದೇ ಇದ್ದದ್ದು ತಪ್ಪೇ. ಅದನ್ನ ಆಮ್ಯಾಲ ಮಾತಾಡೋಣು’ ಎಂದು ಡಾಕ್ಟರಮ್ಮನಿಗೆ ಪ್ರಿಂಟು ಕೊಟ್ಟರು. ಅವರು ಓದಿ ಮರಳಿಸಿದರು.

‘ಸರ್, ನಿಮ್ಮ ಮಶೀನು ಸಂಶೋಧನಾಕ್ಕ. ಇದನ್ನ ನೋಡಿ ನಾ ಔಷಧ ಬರಿಯಂಗಿಲ್ಲ. ಆದ್ರ ಯಾವ ಟೆಸ್ಟ್ ಮಾಡಿಸಬೇಕು ಅಂತ ಇದು ಹೇಳ್ಯಾದ. ಈಕಿದು ಐದು ತಿಂಗಳದ್ದು ಹೋಗ್ಯಾದ ಅಂದಾಗೇ ಯಾರಾದ್ರೂ ಮಾಡಿಸಬೇಕಿತ್ತು.’

ಆಸ್ಪತ್ರೆಯ ಪರೀಕ್ಷೆಗಳೂ ಅದನ್ನೇ ಹೇಳಿದವು. ಮೂರು ತಿಂಗಳ ಮೇಲೆ ಇನ್ನೊಮ್ಮೆ ಮಾಡಿ ಖಚಿತ ಮಾಡಿಕೊಳ್ಳಬೇಕು, ಆದರೆ ಅಲ್ಲಿಯತನಕ ಕೂಡಲಾಗುವುದಿಲ್ಲ ಎಂದು ಡಾಕ್ಟರಮ್ಮ ಚಿಕಿತ್ಸೆ ಶುರು ಮಾಡಿದರು. ದಿನಕ್ಕೊಂದು ಸಣ್ಣ ಮಾತ್ರೆ. ಜೊತೆಗೆ ದಿನಕ್ಕೊಂದು ಇಂಜೆಕ್ಷನ್, ರಕ್ತ ಹೆಪ್ಪುಗಟ್ಟದ ಹಾಗೆ. ಹೊಟ್ಟೆಯ ಚರ್ಮಕ್ಕೆ, ಹೆರಿಗೆ ಹತ್ತಿರ ಬರುವತನಕ.

‘ಇದು ತಗೊಂಡ್ರ ಕೂಸು ಉಳೀತದೇನ್ರಿ?’ ಎಂದು ನಾಹಿದ ಕೇಳಿದಳು.

‘ಭಾಳ ಮಂದಿಗಿ ಉಳೀತದ. ಎಲ್ಲರಿಗೂ ಅಂತ ನಾ ಸುಳ್ಳು ಹೇಳಂಗಿಲ್ಲ.’

ಮನೆಯಲ್ಲಿ ಹೇಳುವುದು ಉಳಿದಿತ್ತು. ಕಲೀಮ್ ಅಂಗಡಿ ಮುಚ್ಚಿ ಬಂದು, ತಾಯಿ, ಹೆಂಡತಿ ಇಬ್ಬರನ್ನೂ ಎದುರು ಕೂಡಿಸಿಕೊಂಡು ಕೇಳಿದ. ನಾಹಿದ ಪ್ರತಿಕಾಯ ಗಿತಿಕಾಯ ಎಂದು ಶುರುಮಾಡಿ ತೊದಲಿ ನಿಂತಳು. ಕಡೆಗೆ, ‘ರಕ್ತದಾಗ ಒಂದು ಇನ್ನೊಂದನ್ನ ವೆಲ್ಡಿಂಗ್ ಹಿಡದಂಗ ಹಿಡಕೋತದ್ರಿ. ಬಿಡಬೇಕಾದಲ್ಲಿ ಬಿಡಂಗಿಲ್ಲ’ ಎಂದಳು. ಅವನು ತಲೆಯಾಡಿಸಿದ. ಅವನಿಗೆ ಅಷ್ಟು ಸಾಕಾಯಿತು. ಇಂಜೆಕ್ಷನ್ನಿನ ಮಾತು ಬಂದಾಗ ರಶೀದಾಬೇಗಂ ಮಾತ್ರ ಎದ್ದು ನಿಂತುಬಿಟ್ಟರು.

‘ಹೊಟ್ಟಿಗಿ ಸೂಜಿ? ದಿನಾ? ಕೂಸಿಗಿ ಚುಚ್ಚಿದ್ರ? ಯಾರ ಮಾತು ಕೇಳಿ ಬಂದೀ ನೀ?’

‘ಕೂಸಿಗಿ ಮುಟ್ಟಂಗಿಲ್ಲ ಅಮ್ಮಿ. ಚರ್ಮದ ಕೆಳಗ ಅಷ್ಟೇ.’

‘ನಿನ್ನ ರಕ್ತ ಕೆಟ್ಟದ ಅಂತ ಮಂದಿಗಿ ತಿಳದ್ರ ಏನಂತಾರ?’

ಅದೇ ಮಾತು. ನಾಹಿದ ಇಷ್ಟು ದಿನ ಅಂಜಿದ್ದು ಇದಕ್ಕೇ. ಆದರೆ ಅತ್ತೆ ಹೇಳಿ ಮುಗಿಸಿದವರೇ ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದ್ದರು. ಸೊಸೆಯನ್ನು ಬೈಯುವ ಸಿಟ್ಟು ಅದಲ್ಲ. ಇನ್ನೊಂದು ಬಿಳಿ ಗಂಟು ಮನೆಯಿಂದ ಹೊರಹೋಗುವುದನ್ನು ನೋಡಲಾರೆನೆಂಬ ಅಂಜಿಕೆ. ಒಂದೇ ಅಂಜಿಕೆಯನ್ನು ಇಬ್ಬರೂ ಬೇರೆ ಬೇರೆ ಮೂಲೆಯಲ್ಲಿ ಕೂತು ಉಣ್ಣುತ್ತಿದ್ದೆವೆಂದು ನಾಹಿದಳಿಗೆ ಆಗ ತಿಳಿಯಿತು.

ಇಂಜೆಕ್ಷನ್ ಕೊಡುವವರು ಯಾರು ಎಂಬುದು ಮರುದಿನದ ತಾಪತ್ರಯ. ಆಸ್ಪತ್ರೆಯಲ್ಲಿ ಕಲಿಸಿ ಕಳಿಸಿದ್ದರು. ಲ್ಯಾಬಿನಲ್ಲಿ ಹನಿ ಹನಿ ಅಳೆಯುವ ನಾಹಿದಳ ಕೈ ಸ್ವಂತ ಹೊಟ್ಟೆಯೆದುರು ನಡುಗಿ ಸೂಜಿ ನೆಲಕ್ಕೆ ಬಿತ್ತು. ಕಲೀಮ್ ಇನ್ನೊಂದನ್ನು ಹಿಡಿದುಕೊಂಡ. ಕಿಡಿಗಳ ನಡುವೆ ದಿನ ಕಳೆಯುವ ಗಂಡಸು, ಸೂಜಿಯ ತುದಿಯ ಹನಿ ನೋಡಿ ಬೆವತು ಗೋಡೆಗೊರಗಿದ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ರಶೀದಾಬೇಗಂ, ‘ಸರಿ ಆಕಡಿ’ ಎಂದು ಮಗನನ್ನು ತಳ್ಳಿ, ಕೈ ತೊಳೆದು ಬಂದು, ಬಿಸ್ಮಿಲ್ಲಾ ಎಂದು ಚರ್ಮ ಚಿವುಟಿ ಹಿಡಿದು ಕೊಟ್ಟೇಬಿಟ್ಟರು. ಕೊಟ್ಟ ಮೇಲೆ ಅವರೇ ಕುಸಿದು ಕೂತು ನೀರು ಕೇಳಿದರು. ಅವತ್ತಿನಿಂದ ಅದು ಅವರ ಕೆಲಸವಾಯಿತು.

ಹೊಟ್ಟೆಯ ತುಂಬ ನೇರಳೆ ಹಣ್ಣು ಒರೆಸಿದಂಥ ಕಲೆಗಳಾದವು. ಹಲ್ಲುಜ್ಜುವಾಗ ಒಸಡಿನಲ್ಲಿ ರಕ್ತ ಕಂಡರೆ ನಾಹಿದ ಹೆದರುತ್ತಿದ್ದಳು, ಕಾಣದಿದ್ದರೆ ಔಷಧ ಹತ್ತುತ್ತಿಲ್ಲವೇನೋ ಎಂದು ಹೆದರುತ್ತಿದ್ದಳು. ಎಡವಿ ಬಿದ್ದರೆ ರಕ್ತ ನಿಲ್ಲದಿದ್ದೀತೆಂದು ಹೊಸ್ತಿಲು ದಾಟುವಾಗ ಗೋಡೆ ಹಿಡಿಯುತ್ತಿದ್ದಳು. ಡಾಕ್ಟರಮ್ಮ ರೈಲಿನಿಂದ ಕೂಸಿಗೆ ಏನೂ ಆಗುವುದಿಲ್ಲ ಎಂದರೂ ಕಲ್ಯಾಣಪ್ಪ ಸರ್ ಅವಳನ್ನು ಮನೆಯಲ್ಲಿರಲು ಹೇಳಿ, ಹಳೆಯ ತೊಗರಿ ಹುಳದ ಲೆಕ್ಕಗಳನ್ನು ತಿದ್ದಲು ಅಲ್ಲಿಗೇ ಕಳಿಸಿದರು. ಹೊಸ ಪ್ರಾಜೆಕ್ಟಿನ ಫಲಿತಾಂಶಗಳನ್ನು ಅವಳಿಂದ ಓದಿಸಲಿಲ್ಲ. ನಾಲ್ಕನೆಯ ನಳಿಕೆಯನ್ನು ತೊಂದರೆಯಿಲ್ಲದವರ ಗುಂಪಿನಿಂದ ತೆಗೆದು, ಅಲ್ಲಿ ತಪ್ಪಾಗಿತ್ತೆಂದು ಬರೆದರು. ಫೋನಿನಲ್ಲಿ ಬೈದದ್ದೂ ಉಂಟು: ‘ಒಂದು ಮಾತು ಹೇಳಿದ್ರ ಎರಡು ತಿಂಗಳು ಮೊದ್ಲೇ ಡಾಕ್ಟರ್ ಕಡಿ ಹೋಗ್ತಿದ್ದಿ.’ ಅದು ನಿಜ. ಅವಳು ಹೌದ್ರಿ ಎಂದಳು.

ಐದನೇ ತಿಂಗಳು ಬಂದಾಗ ಮನೆಯಲ್ಲಿ ಯಾರೂ ಆ ಮಾತೆತ್ತಲಿಲ್ಲ. ಕಲೀಮ್ ಮಧ್ಯಾಹ್ನದ ಊಟಕ್ಕೆಂದು ಸುಳ್ಳೇ ಎರಡೆರಡು ಸಲ ಮನೆಗೆ ಬರುತ್ತಿದ್ದ. ಕೂಸು ಮಿಸುಕಾಡಿತು. ಆರು ಕಳೆಯಿತು. ಮತ್ತೆ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಪ್ರತಿಕಾಯಗಳು ಇನ್ನೂ ಇದ್ದವು. ಅವು ಹೋಗುವಂಥವಲ್ಲ, ಔಷಧ ಅವುಗಳ ಕೇಡನ್ನಷ್ಟೇ ತಡೆಯುತ್ತದೆ ಎಂದರು ಡಾಕ್ಟರಮ್ಮ.

ಏಳು ತುಂಬಿದ ಮೇಲೆ ಒಂದು ಬೆಳಿಗ್ಗೆ ನಾಹಿದ ಚಹಾ ಕುಡಿದು ಕೂತಳು. ದಿನವೂ ಆ ಹೊತ್ತಿಗೆ ಒದೆಯುವ ಕೂಸು ಒದೆಯಲಿಲ್ಲ. ಮಗ್ಗುಲಾಗಿ ಮಲಗಿದಳು, ಬೆಲ್ಲ ತಿಂದಳು, ಹೊಟ್ಟೆ ತಟ್ಟಿ ಕರೆದಳು. ಇಲ್ಲ.

‘ಅಮ್ಮಿ’ ಎಂದಳು.

ರಶೀದಾಬೇಗಂ ಅವಳ ಮುಖ ನೋಡಿ ಹಿಟ್ಟಿನ ಕೈಯಲ್ಲೇ ಹೊರಗೆ ಓಡಿ ಮಗನನ್ನು ಕೂಗಿದರು. ಪಕ್ಕದ ಅಂಗಡಿಯ ಹಾಜಿಮಲಂಗ್ ತನ್ನ ವ್ಯಾನು ತಂದ. ಸಿಮೆಂಟಿನ ಲಾರಿಗಳ ಹಿಂದೆ ಸಿಕ್ಕಿಕೊಂಡು, ಧೂಳು ಕುಡಿಯುತ್ತ, ಶಹಾಬಾದ್ ದಾಟಿ ಕಲಬುರಗಿ ಮುಟ್ಟುವತನಕ ಅತ್ತೆ ಹೊಟ್ಟೆಯ ಮೇಲಿಟ್ಟ ಕೈ ತೆಗೆಯಲಿಲ್ಲ. ಅವರ ತುಟಿ ದುವಾ ಹೇಳುತ್ತಿತ್ತು. ನಾಹಿದ ದುವಾ ಕೂಡ ಮರೆತಿದ್ದಳು.

ಎದೆಬಡಿತ ಇತ್ತು. ಆದರೆ ಹೊಕ್ಕುಳಬಳ್ಳಿಯಲ್ಲಿ ರಕ್ತದ ಹರಿವು ಸಣ್ಣದಾಗಿದೆ, ಕೂಸು ಬೆಳೆಯುವುದು ನಿಧಾನವಾಗಿದೆ ಎಂದರು. ಆಸ್ಪತ್ರೆಯಲ್ಲೇ ಇರಿಸಿಕೊಂಡು ದಿನವೂ ನೋಡಿದರು. ಕೂಸಿನ ಪುಪ್ಪುಸ ಬಲಿಯಲೆಂದು ಬೇರೆ ಇಂಜೆಕ್ಷನ್ ಕೊಟ್ಟರು. ಎಂಟನೇ ತಿಂಗಳ ನಡುವೆ ಒಂದು ದಿನ ಡಾಕ್ಟರಮ್ಮ ಸ್ಕ್ಯಾನ್ ಮುಗಿಸಿ, ‘ಇನ್ನ ಒಳಗ ಇಟ್ರ ಧೋಕಾ. ಇವತ್ತೇ ತಗೀತೀವಿ’ ಎಂದರು.

ಆಪರೇಷನ್ ಕೋಣೆಯ ತಣ್ಣನೆಯ ಬೆಳಕಿನಲ್ಲಿ ನಾಹಿದ ಕಿವಿಯನ್ನಷ್ಟೇ ತೆರೆದು ಮಲಗಿದ್ದಳು. ಉಪಕರಣಗಳ ಸದ್ದು, ನರ್ಸುಗಳ ಪಿಸುಮಾತು. ಹೊಟ್ಟೆಯಿಂದ ಏನೋ ಎಳೆದಂತಾಯಿತು. ಆಮೇಲೆ ಮೌನ. ಎರಡನೇ ಸಲದ ಮೌನವೂ ಹೀಗೆಯೇ ಇತ್ತು. ಅವಳು ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು.

ಬೆಕ್ಕಿನ ಮರಿಯಂಥದೊಂದು ದನಿ ಕೇಳಿಸಿತು. ನಿಂತು, ಮತ್ತೆ ಕೇಳಿಸಿತು.

ಹೆಣ್ಣು. ಅಂಗೈಯಗಲ ಬೆನ್ನಿನ, ನೂಲಿನಂಥ ಬೆರಳುಗಳ ಕೂಸನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಕಲೀಮ್ ಪೆಟ್ಟಿಗೆಯ ಕಿಂಡಿಯಲ್ಲಿ ಬೆರಳು ತೂರಿಸಿದ. ಬೆಂಕಿಯ ಕಲೆಗಳ ಆ ದಪ್ಪ ಬೆರಳನ್ನು ಕೂಸು ಹಿಡಿದುಕೊಂಡಿತು. ಅವನು ಬೆರಳು ಬಿಡಿಸಿಕೊಳ್ಳಲು ಅಂಜಿ, ನರ್ಸು ಬಂದು ಹೇಳುವತನಕ ಬಗ್ಗಿಯೇ ನಿಂತಿದ್ದ. ಮೂರು ವಾರದ ಮೇಲೆ ಕೂಸು ವಾಡಿಗೆ ಬಂತು. ರಶೀದಾಬೇಗಂ ಸಾನಿಯಾ ಎಂದು ಹೆಸರಿಟ್ಟರು.

ನಾಹಿದ ಮತ್ತೆ ರೈಲು ಹತ್ತಿದ್ದು ಮಗುವಿಗೆ ಅನ್ನ ತಿನ್ನಿಸಲು ಶುರುಮಾಡಿದ ಮೇಲೆ. ಅವಳ ಕೆಲಸ ಈಗ ಬೇರೆಯಾಗಿತ್ತು. ಯಂತ್ರ ಶ್ರುತಿಯ ಕೈಗೆ ಹೋಗಿತ್ತು; ಊರುಗಳಿಗೆ ಹೋಗಿ ಹೆಂಗಸರೊಡನೆ ಮಾತಾಡುವುದು, ಅವರು ಒಪ್ಪಿದರೆ ರಕ್ತ ತರುವುದು, ಗೆರೆ ಇಳಿಯದವರನ್ನು ಡಾಕ್ಟರಮ್ಮನ ಬಳಿ ಕಳಿಸುವುದು ಇವಳ ಪಾಲಿಗೆ ಬಂತು. ಅವಳೇ ಕೇಳಿ ಹಾಕಿಸಿಕೊಂಡದ್ದು.

ಚಿಂಚೋಳಿ ತಾಲೂಕಿನ ಚಂದ್ರಂಪಳ್ಳಿಯಲ್ಲಿ, ಕೆರೆಯ ಏರಿಯ ಬದಿಯ ಒಂದು ಮನೆಯಲ್ಲಿ ಬಸ್ಸಮ್ಮ ಎಂಬ ಹೆಂಗಸು ಇದ್ದಳು. ಮೂರು ಹೋಗಿದ್ದವು. ಆಕೆ ಕಂಬ ಹಿಡಿದು ನಿಂತವಳು ಕೂಡಲಿಲ್ಲ, ತೋಳೂ ಕೊಡಲಿಲ್ಲ.

‘ರಕ್ತ ತಗೊಂಡು ಹೋಗಿ ಏನ್ ನೋಡ್ತೀರಿ? ನಂದೇ ತಪ್ಪು ಅಂತ ಬಂದ್ರ?’

‘ತಪ್ಪು ಅಂತ ಬರಂಗಿಲ್ರಿ. ಏನೂ ಬರದೇನೂ ಇರಬಹುದು. ಬಂದ್ರ ಔಷಧ ಅದ’ ಎಂದಳು ನಾಹಿದ.

‘ನಿಮಗೇನ್ ಗೊತ್ತು ನಮ್ಮ ಅಂಜಿಕಿ?’

ನಾಹಿದ ಬುರ್ಖಾದ ತೋಳು ಸರಿಸಿ ಪಕ್ಕದಲ್ಲೇ ನೆಲಕ್ಕೆ ಕೂತಳು. ತನ್ನ ಎರಡರ ಕಥೆ ಹೇಳಿದಳು. ಸುಳ್ಳು ಹೇಳಿ ರಕ್ತ ಕೊಟ್ಟದ್ದು, ರೈಲಿನಲ್ಲಿ ಕೆಂಪು ಕಂಡದ್ದು, ಅತ್ತೆಯ ಸೂಜಿ, ಎಲ್ಲವನ್ನೂ. ಬಸ್ಸಮ್ಮ ಕೇಳುತ್ತ ಕೇಳುತ್ತ ಕೂತಳು. ಎಲ್ಲ ಕೇಳಿಯೂ, ‘ನಾಳಿ ಬರ್ರಿ. ನಮ್ಮವರನ್ನ ಕೇಳ್ತೀನಿ’ ಎಂದಳು. ನಾಹಿದ ಆಗಲಿ ಎಂದು ಎದ್ದಳು.

ಬಸ್ ಸ್ಟಾಪಿಗೆ ಬಂದು ನಿಲ್ಲುವಷ್ಟರಲ್ಲಿ ಫೋನು ಬಂತು. ಅತ್ತೆ.

‘ಹುಡುಗಿ ಮೈ ಜರಾ ಬೆಚ್ಚಗ ಅದ. ಹಲ್ಲು ಬರೋ ವ್ಯಾಳ್ಯಾ. ನೀ ಅಂಜಬ್ಯಾಡ.’

‘ಎಷ್ಟು ಬೆಚ್ಚಗ? ಹಾಲು ಕುಡೀಲಿಕತ್ತಾಳ?’

‘ಕುಡೀಲಿಕತ್ತಾಳ. ನಗಲಿಕತ್ತಾಳ. ಹೇಳಿದ್ನಲ್ಲ, ಅಂಜಬ್ಯಾಡ ಅಂತ.’

ನಾಹಿದ ರಸ್ತೆಯ ತಿರುವಿನತ್ತ ನೋಡಿದಳು. ಬಸ್ಸು ಇನ್ನೂ ಕಂಡಿರಲಿಲ್ಲ. ಟೊಮೇಟೊ ಕ್ರೇಟು ತುಂಬಿದ ಟೆಂಪೋ ಒಂದು ಚಿಂಚೋಳಿಯತ್ತ ಬರುತ್ತಿತ್ತು. ಅವಳು ರಸ್ತೆಯ ನಡುವಿಗೆ ಹೋಗಿ ಕೈ ಅಡ್ಡ ಹಿಡಿದಳು.